ಬಸರಾಕ್ಕೆ ಹೋದವರ ಹಾಡು

ಪಾತ್ರೆ ತೊಳೆಯುವಾಗ ನಾನು ಹಾಡುತ್ತೇನೆ, ಕೇಳುವವರಿಲ್ಲ ಎಂಬ ಧೈರ್ಯದಿಂದ. ತೊಂಬತ್ತರ ದಶಕದ ಕೊನೆಯಲ್ಲಿ, ಲಂಡನ್ನಿನ ಹೌನ್ಸ್ಲೋದ ಬಾಡಿಗೆ ಫ್ಲ್ಯಾಟಿನಲ್ಲಿ, ಈ ಧೈರ್ಯ ನನಗೆ ಧಾರಾಳವಾಗಿತ್ತು. ಏರ್‌ಪೋರ್ಟಿನ ಗೋದಾಮಿನಲ್ಲಿ ಕೆಲಸ. ಹೆಂಡತಿ ಬೆಳಗಾವಿಯಲ್ಲಿ ವೀಸಾಕ್ಕೆ ಕಾಯುತ್ತಿದ್ದಳು. ಶುಕ್ರವಾರ ಸಂಜೆ ಮುಚ್ಚಿದ ಬಾಯಿಯನ್ನು ಸೋಮವಾರ ಬಸ್ ಡ್ರೈವರನಿಗೆ ‘ಮಾರ್ನಿಂಗ್’ ಎನ್ನಲೆಂದೇ ತೆರೆಯುತ್ತಿದ್ದೆ. ನಡುವೆ ಅದಕ್ಕೆ ಸಿಗುತ್ತಿದ್ದ ವ್ಯಾಯಾಮ ಈ ಹಾಡೊಂದೇ.

ಅದು ಅಜ್ಜಿಯ ಬೀಸುವ ಪದ. ಅವಳ ತಮ್ಮ ಮೊದಲ ಮಹಾಯುದ್ಧಕ್ಕೆ ಹೋಗಿ ತಿರುಗಿ ಬರದವನು. ಚಾವಡಿಯ ಮುಂದೆ ಲಾವಣಿಯವರು ಡಪ್ಪು ಬಡಿದು ಸರಕಾರ ಕೊಡುವ ಬೂಟು, ಕೋಟುಗಳನ್ನು ಹಾಡಿ ಹೊಗಳಿದರಂತೆ; ಹುಡುಗ ಬೂಟಿಗೆ ಮರುಳಾದ. ಗಂಡಸರ ಆ ಲಾವಣಿಗೆ ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಕೊಟ್ಟ ಉತ್ತರ ಇದು:

ಬೂಟ ಕೊಟ್ಟವರು ಬರೂ ಹಾದಿ ಕೊಡಲಿಲ್ಲ
ಬಸರಾದ ಬಿಸಲಾಗ ನನ ತಮ್ಮ ಯಾರ ಕೈ
ನೀರ ಬೇಡ್ಯಾನ ಹೇಳವ್ವ

ಚಿಕ್ಕಂದಿನಲ್ಲಿ ನಾನು ಬಸರಾ ಎಂದರೆ ಬಸಿರು ಎಂದುಕೊಂಡು, ಗಂಡಸಿಗೆ ಇದೇನು ಗತಿ ಬಂತು ಎಂದು ಮರುಗಿದ್ದೆ. ಅದು ಇರಾಕಿನ ಊರೆಂದು ತಿಳಿದದ್ದು ಹೈಸ್ಕೂಲಿನ ಭೂಪಟದಲ್ಲಿ.

ಒಂದು ಭಾನುವಾರ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಪಕ್ಕದ ಫ್ಲ್ಯಾಟಿನ ಡೋರಿಸ್. ಎಂಬತ್ತು ದಾಟಿದ, ಒಬ್ಬಳೇ ಇದ್ದ ಮುದುಕಿ. ಲಿಫ್ಟಿನಲ್ಲಿ ತಲೆಯಾಡಿಸುವುದರ ಆಚೆಗೆ ನಮ್ಮ ಪರಿಚಯ ಹೋಗಿರಲಿಲ್ಲ.

“ಗಲಾಟೆಯಾಯಿತೇ? ಕ್ಷಮಿಸಿ,” ಎಂದೆ.

“ಇಲ್ಲ. ನೀವು ಹಾಡುವಾಗ ಬಸ್ರಾ ಎನ್ನುತ್ತೀರಲ್ಲ, ಅದು ಊರಿನ ಹೆಸರೇ? ಮೊದಲ ಯುದ್ಧದಲ್ಲಿ ಸತ್ತ ನಮ್ಮಪ್ಪನನ್ನು ಮಣ್ಣು ಮಾಡಿದ್ದು ಅಲ್ಲಿ. ನಾನಾಗ ತೊಟ್ಟಿಲಲ್ಲಿದ್ದೆ.”

ಒಳಗೆ ಕರೆದು ಕೂರಿಸಿ, ಟೀ ಮಾಡಿ, ಹಾಡಿನ ಅರ್ಥ ಹೇಳಿದೆ. ಅವಳು ಕಪ್ಪನ್ನು ಕೆಳಗಿಟ್ಟಳು.

“ಅಮ್ಮ ಬಟ್ಟೆ ಹಿಂಡುವಾಗ ಹೀಗೇ ಕೇಳಿಕೊಳ್ಳುತ್ತಿದ್ದಳು, ಆರ್ಥರನಿಗೆ, ಅಂದರೆ ನಮ್ಮಪ್ಪನಿಗೆ, ಕೊನೆಗೆ ಯಾರಾದರೂ ಒಂದು ಕಪ್ ಟೀ ಕೊಟ್ಟರೋ ಇಲ್ಲವೋ ಅಂತ. ನೀವು ನೀರು ಅಂದಿರಿ, ಅಷ್ಟೇ ವ್ಯತ್ಯಾಸ. ಮುಂದೆ ಏನಿದೆ?”

ಮುಂದಿನದು ನನಗೆ ಗೊತ್ತಿರಲಿಲ್ಲ. ಬೆಳಗಾವಿಗೆ ಫೋನ್ ಮಾಡಿ ಅವ್ವನನ್ನು ಕೇಳಿದೆ.

“ಲಂಡನ್‌ಕ ಹೋಗಿ ಬೀಸೂ ಪದ ಕೇಳಾಕತ್ತೀಯಲ್ಲೋ, ಅಲ್ಲಿ ಹಿಟ್ಟ ಸಿಗೂದಿಲ್ಲೇನು?” ಎಂದಳು ಅವ್ವ. ಆಮೇಲೆ ದನಿ ತಗ್ಗಿಸಿ, “ಮುಂದಿಂದು ನನಗೂ ಬರೂದಿಲ್ಲಪ್ಪ. ನಿಮ್ಮಜ್ಜಿ ದಿನಾ ಒಂದೊಂದು ಥರಾ ಹಾಡತಿದ್ಲು. ಜ್ವಾಳ ಮುಗೀತಂದ್ರ ಹಾಡೂ ಮುಗೀತಿತ್ತು.”

ಡೋರಿಸ್‌ಗೆ ಈ ಉತ್ತರ ಒಪ್ಪಿಗೆಯಾಯಿತು. ಆಮೇಲೆ ಭಾನುವಾರಗಳಂದು ಅವಳು ಬರುತ್ತಿದ್ದಳು, ಇಲ್ಲವೇ ನಾನು ಹೋಗುತ್ತಿದ್ದೆ. ಆ ಮೂರು ಸಾಲನ್ನು ಹಟ ಹಿಡಿದು ಕಲಿತಳು. ‘ಳ’ ಅವಳ ನಾಲಿಗೆಗೆ ಒಗ್ಗಲೇ ಇಲ್ಲ. ನನ್ನ ಹೆಂಡತಿ ಬಂದ ಮೇಲೆ ಡೋರಿಸ್‌ಳ ಶ್ರುತಿ ಸ್ವಲ್ಪ ಸುಧಾರಿಸಿತು. ನಾನು ಜೊತೆಗೆ ಹಾಡುವುದನ್ನು ನಿಲ್ಲಿಸಿದ್ದೇ ಕಾರಣ.

ಕೆಲವು ವರ್ಷಗಳ ಮೇಲೆ ಡೋರಿಸ್ ವೃದ್ಧಾಶ್ರಮ ಸೇರಿದಳು. ನೋಡಲು ಹೋದಾಗ ಕಿಟಕಿಯ ಬಳಿ ಕೂತು, ನನ್ನ ಗುರುತು ಸಿಗದೆ, ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ‘ನನ ತಮ್ಮ’ ಎಂಬಲ್ಲಿ ‘ನನ ಆರ್ಥರ್’ ಎನ್ನುತ್ತಿದ್ದಳು. ತ್ರಿಪದಿಯ ಲಯ ಕುಂಟಿತು. ತಿದ್ದಲು ನಾನು ಯಾರು? ಅಜ್ಜಿ ಇದ್ದಿದ್ದರೆ ಬೀಸುಕಲ್ಲಿನ ಗೂಟಕ್ಕೆ ಇನ್ನೊಂದು ಕೈ ಬಂತೆಂದು ಸ್ವಲ್ಪ ಸರಿದು ಜಾಗ ಕೊಡುತ್ತಿದ್ದಳು. ನಾನೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಎರಡನೆಯ ಸಲ ಆರ್ಥರನ ಹೆಸರು ಬಂದಾಗ ದನಿಗೂಡಿಸಿದೆ.