ತಲೆಲೆಕ್ಕದ ಮಾವನ ಕೊನೆಯ ಟೂರು

ಇಡೀ ಖಂಡವನ್ನು ಮೂಲೆಮೂಲೆ ಸುತ್ತಿ, ಏನೊಂದನ್ನೂ ನೋಡದೆ ಮನೆಗೆ ಬಂದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ತಲೆಲೆಕ್ಕದ ಮಾವ. ಟೂರು ಕಂಪನಿಯ ಬಸ್ಸಿನ ಜೊತೆ ಹೋಗುವ ಮೇಲ್ವಿಚಾರಕರಾಗಿ ಸೇರಿದಾಗ ಅವರ ತಲೆ ತುಂಬ ಕಪ್ಪು ಕೂದಲಿತ್ತು. ನಿವೃತ್ತಿಯ ಹೊತ್ತಿಗೆ ಎಣಿಸಬಹುದಾದಷ್ಟು ಉಳಿದಿತ್ತು. ಎಣಿಸುವುದೇ ಕಸುಬಾದ್ದರಿಂದ ಅವರಿಗೆ ಆ ಬಗ್ಗೆ ಬೇಸರವೇನೂ ಇರಲಿಲ್ಲ.

ಕಸುಬು ಇಷ್ಟೇ. ಬಸ್ಸು ನಿಂತಾಗ ಜನರನ್ನು ಇಳಿಸಬೇಕು, ಹೊರಡುವಾಗ ಹತ್ತಿಸಬೇಕು, ಮುಂದಿನ ಸಾಲಿನಿಂದ ಶುರು ಮಾಡಿ ತೋರುಬೆರಳು ಆಡಿಸುತ್ತ ತಲೆ ಎಣಿಸಬೇಕು, ಸರಿಬಂದರೆ ಡ್ರೈವರಿಗೆ "ರೈಟ್" ಅನ್ನಬೇಕು. ಇಷ್ಟು ವರ್ಷಗಳಲ್ಲಿ ಒಂದು ತಲೆಯನ್ನೂ ಅವರು ಎಲ್ಲಿಯೂ ಬಿಟ್ಟು ಬಂದವರಲ್ಲ. ಗಡಿ ದಾಟಿದಾಗಲೆಲ್ಲ ಭಾಷೆ ಬದಲಾಗುತ್ತಿತ್ತು, ನಾಣ್ಯ ಬದಲಾಗುತ್ತಿತ್ತು, ಜನರ ಟೊಪ್ಪಿ, ಮನೆಗಳ ಮಾಡು, ನಗುವ ರೀತಿ ಎಲ್ಲ ಬದಲಾಗುತ್ತಿತ್ತು. ಬದಲಾಗದೆ ಉಳಿಯುತ್ತಿದ್ದುದು ಶೌಚಾಲಯದ ಮುಂದಿನ ಸಾಲು, ಮತ್ತು ಆ ಸಾಲಿನ ತುದಿಯಲ್ಲಿ ಗಡಿಯಾರ ನೋಡುತ್ತ ನಿಂತ ಮಾವ. "ಹತ್ತೇ ನಿಮಿಷ! ಹತ್ತೇ ನಿಮಿಷ!" ಅನ್ನುವುದು ಅವರ ಜಪ. ಬೆಟ್ಟವಾಗಲಿ, ಕೋಟೆಯಾಗಲಿ, ಸಾವಿರ ವರ್ಷದ ಹಳೇ ಸೇತುವೆಯಾಗಲಿ, ಎಲ್ಲಕ್ಕೂ ಒಂದೇ ದರ.

ಕಂಪನಿಯ ದೊಡ್ಡ ಹೆಸರಿನ ಟೂರನ್ನು "ಯಾರೂ ಕಾಣದ ಊರುಗಳು" ಎಂದು ಕರೆಯುತ್ತಿದ್ದರು. ಯಾರೂ ಕಾಣದ ಊರನ್ನು ತೋರಿಸಲು ಮೂವತ್ತೆಂಟು ಜನರನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋದರೆ, ಅಲ್ಲಿ ಆಗಲೇ ಬೇರೆ ಕಂಪನಿಗಳ ಬಸ್ಸುಗಳು ಸಾಲಾಗಿ ನಿಂತು, ಯಾರೂ ಕಾಣದ ಊರನ್ನು ಜನ ಮುಗಿಬಿದ್ದು ಕಾಣುತ್ತಿದ್ದರು. ಆ ಗದ್ದಲದಲ್ಲಿ ನಮ್ಮ ತಲೆಗಳು ಪಕ್ಕದ ಬಸ್ಸಿಗೆ ಹತ್ತದಂತೆ ನೋಡಿಕೊಳ್ಳುವುದು ಸಾಮಾನ್ಯರ ಕೆಲಸವಲ್ಲ. ಊರು ನೋಡುವುದಕ್ಕೆ ಮಾವನಿಗೆ ಪುರುಸೊತ್ತೆಲ್ಲಿ?

ಎಲ್ಲರಿಗೂ ಮಾವ ಅಂದಮೇಲೆ ಅವರ ಹೆಂಡತಿ ಅತ್ತೆಯಾಗಲೇಬೇಕು. ಈ ಅತ್ತೆಗೆ ಮದುವೆಯಾದ ಹೊಸದರಲ್ಲಿ ಗಂಡ ದೇಶದೇಶ ಸುತ್ತುತ್ತಾನೆಂದು ಹೆಮ್ಮೆ. ಪ್ರತಿ ಟೂರಿನಿಂದಲೂ ಮಾವ ಹೋಟೆಲ್ಲಿನ ಪುಟ್ಟ ಸೋಪುಗಳನ್ನು ತಂದುಕೊಡುತ್ತಿದ್ದರು. ಬಚ್ಚಲ ಗೂಡಿನಲ್ಲಿ ಖಂಡಕ್ಕೆ ಖಂಡವೇ ಸಾಲಾಗಿ ಕೂತಿತ್ತು. ಒಂದು ನಿಂಬೆ ವಾಸನೆ, ಒಂದು ಪೈನ್ ಮರದ ವಾಸನೆ, ಒಂದಕ್ಕೆ ಯಾವ ವಾಸನೆಯೂ ಇಲ್ಲ.

"ಈ ಊರು ಹೇಗಿತ್ತು ರೀ?" ಎಂದು ಅತ್ತೆ ಹೊಸ ಸೋಪು ಹಿಡಿದು ಕೇಳುತ್ತಿದ್ದಳು.

"ಏನ್ ಹೇಳ್ಲಿ ಮಾರಾಯ್ತಿ, ಪಾರ್ಕಿಂಗಿಗೆ ಜಾಗವೇ ಇಲ್ಲ."

ಹೀಗೆ ಅತ್ತೆ ಇಡೀ ಖಂಡವನ್ನು ಮೈಗೆ ತಿಕ್ಕಿಕೊಂಡಳೇ ಹೊರತು ಕಣ್ಣಿಂದ ಕಾಣಲಿಲ್ಲ. "ಮುಂದಿನ ವರ್ಷ ಕರ್ಕೊಂಡು ಹೋಗ್ತೀನಿ" ಎಂದು ಮಾವ ಹೇಳುತ್ತಲೇ ಇದ್ದರು. ಮುಂದಿನ ವರ್ಷ ಅನ್ನುವುದು ಕೂಡ ಯಾರೂ ಕಾಣದ ಒಂದು ಊರು.

ಕೊನೆಗೆ ನಿವೃತ್ತಿಯ ಟೂರು ಬಂತು. ಹೆಂಡತಿಯನ್ನು ಪುಕ್ಕಟೆಯಾಗಿ ಕರೆದೊಯ್ಯಲು ಕಂಪನಿ ಒಪ್ಪಿತು. ಅತ್ತೆ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ.

"ಬರ್ತೀನಿ. ಆದ್ರೆ ಒಂದೇ ಒಂದು ಜಾಗ ನೀವು ನನ್ನ ಪಕ್ಕ ನಿಂತ್ಕೊಂಡು ನೋಡ್ಬೇಕು. ಗಡಿಯಾರ ಅಲ್ಲ, ಜಾಗ. ಅದೂ ಆಗಲ್ಲ ಅಂದ್ರೆ ಇನ್ಮೇಲೆ ನಿಮ್ಮ ಜೊತೆ ಎಲ್ಲಿಗೂ ಬಾ ಅಂತ ಕರೀಬೇಡಿ, ಮನೆ ಮುಂದಿನ ಅಂಗಡಿಗೂ."

"ಒಂದೇನು, ಹತ್ತು ನೋಡೋಣ ಬಾರೇ" ಎಂದರು ಮಾವ, ಮಾತಿಗೆ ಬರವೇ?

ಬಸ್ಸಿನಲ್ಲಿ ಮೂವತ್ತೆಂಟು ಸೀಟಿಗೆ ಮೂವತ್ತೆಂಟು ಜನ. ಅತ್ತೆಗೆ ಸಿಕ್ಕಿದ್ದು ಹಿಂಬಾಗಿಲ ಪಕ್ಕದ ಕೊನೆಯ ಸಾಲು. ಅಲ್ಲಿ ಕಂಬಳಿಗಳ ಗಂಟು, ನೀರಿನ ಬಾಟಲಿಗಳ ಪೆಟ್ಟಿಗೆ ಇಡುತ್ತಿದ್ದರು. ಕಂಬಳಿ ಸರಿಸಿ ಅತ್ತೆ ಕೂತಳು. ಮಾವ ಬೆರಳು ಆಡಿಸುತ್ತ ಬಂದು, ಕಂಬಳಿಗಳಿಗಿಂತ ಒಂದು ಸಾಲು ಮುಂಚೆಯೇ ನಿಂತು "ಮೂವತ್ತೆಂಟು, ರೈಟ್" ಅಂದುಬಿಟ್ಟರು.

"ನನ್ನನ್ನ ಎಣಿಸ್ಲೇ ಇಲ್ಲ?"

"ನೀನು ಮನೆಯವಳಲ್ವೇ. ಲಿಸ್ಟಲ್ಲಿ ಇರೋರನ್ನ ಮಾತ್ರ ಎಣಿಸೋದು."

"ಅಂದ್ರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದಳು ಅತ್ತೆ. ಮಾವನಿಗೆ ಇದು ತಮಾಷೆಯಾಗಿ ಕಂಡು ಡ್ರೈವರಿಗೂ ಹೇಳಿ ನಕ್ಕರು.

ಮೊದಲ ಊರಿನಲ್ಲಿ ಗುಡ್ಡದ ಮೇಲೆ ಮರದ ಮನೆಗಳು, ಕಿಟಕಿಗೊಂದು ಬಣ್ಣ. ಮಾವ ಹೆಂಡತಿಯ ಪಕ್ಕ ನಿಲ್ಲಬೇಕೆಂದು ಹೊರಟೇ ಇದ್ದರು. ಅಷ್ಟರಲ್ಲಿ ಪ್ರಯಾಣಿಕರಲ್ಲೊಬ್ಬರಾದ ನಿವೃತ್ತ ಮೇಷ್ಟ್ರ ಟೊಪ್ಪಿ ಗಾಳಿಗೆ ಹಾರಿತು. ಎರಡನೆಯ ಊರಿನಲ್ಲಿ ಕಲ್ಲಿನ ಸೇತುವೆ, ಕೆಳಗೆ ಹಸಿರು ನೀರು. ಅಲ್ಲಿ ಅದೇ ಮೇಷ್ಟ್ರ ಕನ್ನಡಕ. ಮೂರನೆಯದರಲ್ಲಿ ಏನನ್ನೂ ಕಳೆದುಕೊಳ್ಳದೆ ಮೇಷ್ಟ್ರೇ ಕಳೆದುಹೋದರು. ಅತ್ತೆ ಪ್ರತಿ ಸಲವೂ ಒಬ್ಬಳೇ ನೋಡಿ, ತಾನಾಗಿ ಬಂದು ಕಂಬಳಿಗಳ ನಡುವೆ ಕೂರುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಾತಾಡದ ಹೆಂಡತಿಯನ್ನು ಕಂಡರೆ ಮಾವನಿಗೆ ನಿಜಕ್ಕೂ ಭಯ.

ಉಳಿದದ್ದು ಒಂದೇ, ಟೂರಿನ ಕಳಶದಂತಿದ್ದ ಜಲಪಾತ. ಇಲ್ಲಿ ಪ್ರಳಯವಾದರೂ ಸರಿ, ಅವಳ ಪಕ್ಕ ನಿಲ್ಲುವುದೇ ಎಂದು ಮಾವ ಶಪಥ ಮಾಡಿದರು. ಮೇಷ್ಟ್ರ ಟೊಪ್ಪಿ, ಕನ್ನಡಕ ಎರಡನ್ನೂ ಮೊದಲೇ ತಮ್ಮ ಚೀಲಕ್ಕೆ ಹಾಕಿಕೊಂಡರು. ದಾರಿಯಲ್ಲಿ ಯಾವಾಗಲೂ ನಿಲ್ಲಿಸುವ ಪೆಟ್ರೋಲ್ ಬಂಕಿನಲ್ಲಿ ಚಹಾಕ್ಕೆ ಹತ್ತೇ ನಿಮಿಷ ಕೊಟ್ಟು, ತಲೆ ಎಣಿಸಿ, ರೈಟ್ ಹೇಳಿ, ಜಲಪಾತ ಮುಟ್ಟಿದರು. ಜನರನ್ನು ಇಳಿಸಿ, ಕೂದಲು ಸರಿಮಾಡಿಕೊಂಡು, ಮದುವೆ ಗಂಡಿನ ಹಾಗೆ ಹಿಂದಿನ ಸಾಲಿಗೆ ನಡೆದರು.

"ಬಾರೇ, ನೋಡೋಣ."

ಕಂಬಳಿಗಳು ಸುಮ್ಮನಿದ್ದವು. ಅತ್ತೆಯ ಕೈಚೀಲ ಇತ್ತು, ಚೀಲದೊಳಗೆ ಅವಳ ಫೋನೂ ಇತ್ತು. ಅತ್ತೆ ಇರಲಿಲ್ಲ.

ಮಾವ ಕಂಬಳಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಅವರಿಗೆ ಮೊದಲು ನೆನಪಾದದ್ದು ಹೆಂಡತಿಯೋ, ಒಂದು ತಲೆಯನ್ನೂ ಬಿಡದ ತಮ್ಮ ಹೆಸರೋ ಎಂದು ಕೇಳಬೇಡಿ. ಕೇಳಿದರೆ ಅವರು ಸುಳ್ಳು ಹೇಳಬೇಕಾಗುತ್ತದೆ. ಆದರೆ ಎರಡನೆಯ ಗಳಿಗೆಯಲ್ಲಿ ಹೆಂಡತಿಯೊಬ್ಬಳೇ ಉಳಿದಳು. ಭಾಷೆ ಬಾರದ ಊರು, ಕೈಯಲ್ಲಿ ಕಾಸಿಲ್ಲ, ಫೋನಿಲ್ಲ. ಮಾವ ಕಂಬಳಿಯ ಮೇಲೆ ಕುಸಿದರು, ಕಣ್ಣಲ್ಲಿ ನೀರು ಬಂತು.

"ದೀಪದ ಕೆಳಗೆ ಕತ್ತಲೆ ಅಂದ್ರೆ ಇದೇ ನೋಡಿ" ಎಂದರು ಮೇಷ್ಟ್ರು. ಕಳೆದುಹೋಗುವ ವಿಷಯದಲ್ಲಿ ಅವರಿಗೆ ಅನುಭವವಿತ್ತು. ಡ್ರೈವರು ಬಂಕಿನ ಕಡೆಗೆ ಬಸ್ಸು ತಿರುಗಿಸಿದ. ಜಲಪಾತ ನೋಡಲು ಖಂಡ ದಾಟಿ ಬಂದವರು ಅದರ ಹನಿ ಮೈಮೇಲೆ ಬೀಳುವ ಮೊದಲೇ ಬಸ್ಸು ಹತ್ತಬೇಕಾಯಿತು.

ಪೆಟ್ರೋಲ್ ಬಂಕಿನ ಚಹಾದಂಗಡಿಯ ಬೆಂಚಿನ ಮೇಲೆ ಅತ್ತೆ ಕೂತಿದ್ದಳು. ಪಕ್ಕದಲ್ಲಿ ಅಂಗಡಿಯಾಕೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಒಂದಕ್ಷರ ತಿಳಿಯದು.

"ಏನು ಮಾತಾಡ್ತಿದ್ರಿ ಇಷ್ಟು ಹೊತ್ತು?" ಎಂದರು ಮಾವ. ಕ್ಷಮೆ ಕೇಳಬೇಕೆಂದು ಬಂದವರ ಬಾಯಿಂದ ಬಂದದ್ದು ಇದು.

"ಗಂಡಂದಿರ ವಿಷಯ. ಅದಕ್ಕೆ ಭಾಷೆ ಬೇಕಾಗಲ್ಲ."

ಮಾವನ ಮುಖ ಇಂಗು ತಿಂದ ಮಂಗನಂತಾಯಿತು. "ತಪ್ಪಾಯ್ತು ಕಣೇ. ಬಾ, ಬಸ್ಸು ಕಾಯ್ತಿದೆ."

"ಮೊದಲು ಅತ್ತುಬಿಟ್ಟೆ, ಗೊತ್ತಾ? ರಸ್ತೇಲಿ ನಿಂತು ಗೊಳೋ ಅಂದೆ. ಆಮೇಲೆ ಈಯಮ್ಮ ಕೈ ಹಿಡ್ಕೊಂಡು ಹಿಂದ್ಗಡೆ ಕರ್ಕೊಂಡು ಹೋದ್ಲು. ಹಿಂದೆ ಒಂದು ಕೆರೆ ಇದೆ."

"ಇಲ್ಲೆಲ್ಲಿ ಕೆರೆ? ಎಷ್ಟು ವರ್ಷದಿಂದ ಇಲ್ಲೇ ನಿಲ್ಲಿಸ್ತಿದೀನಿ. ಇಲ್ಲಿರೋದು ಶೌಚಾಲಯ."

"ಶೌಚಾಲಯದ ಹಿಂದೆ." ಅತ್ತೆ ಎದ್ದಳು. "ಬರ್ತೀರೋ, ಇಲ್ವೋ? ಒಂದು ಜಾಗ ಅಂದಿದ್ದೆ. ನನಗೆ ಜಲಪಾತ ಬೇಡ, ಇದೇ ಸಾಕು."

ಬಸ್ಸಿನ ಹಿಂಬಾಗಿಲ ಬಳಿ ನಿಂತು ಇಬ್ಬರೂ ಇನ್ನಷ್ಟು ಜಟಾಪಟಿ ನಡೆಸಿದರು. ಕೊನೆಗೆ ಮಾವ ಲಿಸ್ಟನ್ನು ಮೇಷ್ಟ್ರ ಕೈಗೆ ಕೊಟ್ಟು, "ನಾನು ಬರೋವರೆಗೆ ಎಲ್ಲರನ್ನೂ ಎಣಿಸಿ ಕೂರಿಸಿ ಸಾರ್" ಎಂದರು. ಮೇಷ್ಟ್ರಿಗೆ ತರಗತಿಗೆ ಮರಳಿದಷ್ಟು ಖುಷಿಯಾಯಿತು. ಖುಷಿಯಲ್ಲಿ ಅವರು ಕೇಳಿಸಿಕೊಂಡದ್ದು "ಎಣಿಸಿ" ಎಂಬುದೊಂದನ್ನೇ.

ಶೌಚಾಲಯದ ಗೋಡೆ ದಾಟಿ, ಮುಳ್ಳುಗಿಡ ಸರಿಸಿ ಏರು ಹತ್ತಿದರೆ, ನಿಜಕ್ಕೂ ಕೆರೆ. ದೊಡ್ಡದೇನಲ್ಲ. ಆಚೆ ದಡದಲ್ಲಿ ಒಂದು ಬಿಳಿ ಕುದುರೆ ಒಂಟಿಯಾಗಿ ಮೇಯುತ್ತಿತ್ತು, ನೀರಿನಲ್ಲಿ ಇನ್ನೊಂದು ಕುದುರೆ ತಲೆಕೆಳಗಾಗಿ ಮೇಯುತ್ತಿತ್ತು. ಒಂದೇ ಒಂದು ಟೂರು ಬಸ್ಸಿಲ್ಲ, ಫಲಕವಿಲ್ಲ. ಕಂಪನಿ ಖಂಡವಿಡೀ ಹುಡುಕಿದ ಯಾರೂ ಕಾಣದ ಜಾಗ ಮಾವನ ಬೆನ್ನಿಗೇ ಇತ್ತು. ಮಾವನ ಕೈ ಅಭ್ಯಾಸಬಲದಿಂದ ಗಡಿಯಾರದತ್ತ ಹೋಗಿ, ಹೆಂಡತಿಯ ಮುಖ ಕಂಡು, ಕಿವಿ ತುರಿಸಿಕೊಂಡು ಕೆಳಗಿಳಿಯಿತು.

ಆಗ ಕೆಳಗೆ ಎಂಜಿನ್ನಿನ ಸದ್ದು. ಮಾವ ತಿರುಗಿ ನೋಡಿದರೆ ಬಸ್ಸು ರಸ್ತೆಗೆ ಇಳಿದು ಹೊರಟೇಹೋಗುತ್ತಿತ್ತು. "ಏಯ್! ಏಯ್!" ಎಂದು ಕೈಬೀಸಿದರು. ಯಾರಿಗೆ ಕೇಳಬೇಕು? ಮೇಷ್ಟ್ರು ಎಣಿಸಿದ್ದರು, ಮೂವತ್ತೆಂಟು ಸರಿಬಂದಿತ್ತು, ಎತ್ತರದ ದನಿಯಲ್ಲಿ ರೈಟ್ ಅಂದಿದ್ದರು. ಗಂಡಹೆಂಡತಿ ಹಿಂಬಾಗಿಲ ಬಳಿ ಜಗಳವಾಡುವುದನ್ನು ಕಂಡಿದ್ದ ಡ್ರೈವರು ಒಳ್ಳೆಯವನು. ಕಂಬಳಿಗಳ ನಡುವೆ ಮುನಿಸು ಇಳಿಯುತ್ತಿರಬೇಕು, ಹಿಂದೆ ತಿರುಗಿ ನೋಡುವುದು ಸಭ್ಯತೆಯಲ್ಲ ಎಂದು ನೇರ ರಸ್ತೆ ನೋಡಿಕೊಂಡು ಹೊರಟಿದ್ದ.

"ನನ್ನನ್ನ ಬಿಟ್ಟು ಹೋದ್ರಲ್ಲೇ!" ಎಂದರು ಮಾವ. ಇಷ್ಟು ವರ್ಷ ಪ್ರತಿ ದಿನವೂ ಎಣಿಸಿದ ಲೆಕ್ಕದಲ್ಲಿ ತಾವು ಒಮ್ಮೆಯೂ ಇರಲಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಯಾವ ಬಂಕಿನಲ್ಲಿ ಉಳಿದಿದ್ದರೂ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಅವರ ಮುಖ ಸಪ್ಪಗಾಯಿತು, ಬೀಸುತ್ತಿದ್ದ ಕೈ ಇಳಿಸಿದರು.

ಅತ್ತೆಗೆ ನಗು ಬಂದಿತ್ತು. ಆ ಮುಖ ಕಂಡು ನುಂಗಿಕೊಂಡಳು. ಕೆರೆಯ ಅಂಚಿನ ಚಪ್ಪಟೆ ಕಲ್ಲಿನ ಮೇಲೆ ಕೂತು ಪಕ್ಕಕ್ಕೆ ಸರಿದಳು.

"ಬನ್ನಿ, ಕೂತ್ಕೊಳ್ಳಿ. ಮೊದಲು ಇಲ್ಲಿಗೆ ಬಂದಾಗಲೇ ಇಬ್ಬರಿಗೆ ಅಂತ ಲೆಕ್ಕ ಹಾಕಿಯೇ ಈ ಕಲ್ಲು ನೋಡಿಟ್ಟಿದ್ದೆ."

ಮಾವ ಕೂತರು. ಸ್ವಲ್ಪ ಹೊತ್ತಿಗೆ ಜೇಬಿನ ಫೋನು ಬಡಿದುಕೊಂಡಿತು. ಆ ಕಡೆ ಡ್ರೈವರು. "ಮಾವಾ, ಎಲ್ಲಿದೀರಾ? ಈಗಲೇ ತಿರುಗಿಸ್ತೀನಿ!"

"ಬೇಡಪ್ಪ" ಎಂದರು ಮಾವ, ಕುದುರೆಯ ಮೇಲಿನ ಕಣ್ಣು ತೆಗೆಯದೆ. "ಅವರಿಗೆ ಜಲಪಾತ ತೋರಿಸ್ಕೊಂಡು ನಿಧಾನಕ್ಕೆ ಬಾ. ಇಲ್ಲಿ ನಾವು ಇಬ್ಬರಿದೀವಿ."