ಕೆಂಪು ನೂಲು ನಿಂತ ಪುಟ

ಸತ್ಯವೇದದಲ್ಲಿ ಓದು ನಿಂತ ಪುಟವನ್ನು ಗುರುತಿಸಲು ಯಾರು ಏನನ್ನು ಇಡುತ್ತಾರೆ ಎಂಬುದರಿಂದ ಅವರ ಸ್ವಭಾವವನ್ನು ಊಹಿಸಬಹುದೆಂದು ನನ್ನ ನಂಬಿಕೆ. ನಮ್ಮ ಪಾದ್ರಿಗಳದು ನವಿಲುಗರಿ. ಸಂಸ್ಥಾನದ ನೌಕರಿಯಲ್ಲಿದ್ದ ಹಿರಿಯರೊಬ್ಬರು, ಸಂಸ್ಥಾನವೇ ಮುಂಬಯಿ ರಾಜ್ಯದಲ್ಲಿ ಕರಗಿಹೋದ ಮೇಲೂ, ಹಳೆಯ ಛಾಪಾ ಕಾಗದದ ತುಂಡನ್ನೇ ಇಟ್ಟುಕೊಂಡಿದ್ದಾರೆ. ಜಮಖಂಡಿಯ ಕಚೇರಿಯಲ್ಲಿ ಕಾರಕೂನನಾಗಿರುವ ನನ್ನ ಪುಸ್ತಕದಲ್ಲಿರುವುದು ಎಸ್.ಟಿ. ಬಸ್ಸಿನ ಟಿಕೀಟು, ಅದು ಬಹಳ ತಿಂಗಳಿಂದ ಒಂದೇ ಪುಟದಲ್ಲಿ ಪ್ರಯಾಣ ಮಾಡುತ್ತಿದೆ. ಬನಹಟ್ಟಿಯಲ್ಲಿ ಮಗ್ಗ ನಡೆಸುವ ಸಮುವೇಲಪ್ಪ ಕಾಕಾನದು ಮಾತ್ರ ಸೀರೆಯ ಅಂಚು ನೇಯ್ದು ಉಳಿದ ಒಂದೆಳೆ ಕೆಂಪು ನೂಲು. ಅದು ದಿನವೂ ಮುಂದೆ ನಡೆಯುತ್ತದೆ.

ಕಾಕಾನ ಮನೆಯ ನೇಮ ಸರಳ. ದಿನಕ್ಕೊಂದು ಅಧ್ಯಾಯ, ಮೊದಲ ಪುಟದಿಂದ ಕೊನೆಯವರೆಗೆ. ಮುಗಿದರೆ ಮತ್ತೆ ಮೊದಲಿನಿಂದ. ಹಬ್ಬವಿರಲಿ ಜ್ವರವಿರಲಿ, ನೂಲು ಎಲ್ಲಿದೆಯೋ ಅಲ್ಲಿಯೇ ಓದು. ಹೀಗಾಗಿ ಕ್ರಿಸ್‌ಮಸ್ಸಿನ ಬೆಳಿಗ್ಗೆ ಕುಷ್ಠರೋಗದ ನಿಯಮಗಳನ್ನೂ, ಮದುವೆಯ ಮನೆಯಲ್ಲಿ ಹಾಳಾದ ಪಟ್ಟಣದ ಗೋಳನ್ನೂ ನಾವು ಕೇಳಿದ್ದೇವೆ. ಧಾರವಾಡದ ಕಾಲೇಜಿನಿಂದ ಪದವಿಯನ್ನೂ ಒಂದಿಷ್ಟು ಧೈರ್ಯವನ್ನೂ ತಂದಿದ್ದ ನಾನು, ಕಾಲ ಬದಲಾಗಿದೆ, ರಾಜರೇ ಹೋದರು, ಮಗ್ಗಗಳಿಗೆ ವಿದ್ಯುತ್ತು ಬರುವ ಮಾತು ನಡೆದಿದೆ, ಶಾಸ್ತ್ರವನ್ನೂ ಸಂದರ್ಭ ನೋಡಿ ಆಯ್ದು ಓದಬೇಕು ಎಂದು ಒಮ್ಮೆ ದೀರ್ಘವಾಗಿ ವಾದಿಸಿದೆ. ಕಾಕಾ ಲಾಳಿ ನಿಲ್ಲಿಸದೆ ಹೇಳಿದ: "ಬೇಕಾದ್ದಷ್ಟ ತರಿಸ್ಕೊಂಡು ತಿನ್ನಾಕ ಅದೇನು ಹೋಟೆಲ್ ಏನೋ ತಮ್ಮಾ? ಬಡಿಸಿದ್ದ ಉಣ್ಣು."

ಈಗ ಇದನ್ನೆಲ್ಲ ಹೇಳಲು ಕಾರಣವಿದೆ. ಪ್ರಾಣಾಪಾಯದಿಂದ ಪಾರಾದವನು ಮುಂದಿನ ರವಿವಾರ ಎದ್ದು ನಿಂತು, ಆ ಹೊತ್ತಿನಲ್ಲಿ ತನ್ನನ್ನು ಹಿಡಿದು ನಿಲ್ಲಿಸಿದ ವಚನ ಯಾವುದೆಂದು ಸಾಕ್ಷಿ ಹೇಳುವುದು ನಮ್ಮ ಸಭೆಯ ವಾಡಿಕೆ. ಕಾಕಾ, ಅವನ ಹೆಂಡತಿ ಚಿಗವ್ವ, ನಾನು ಮೂವರೂ ಕೃಷ್ಣೆಯಲ್ಲಿ ಮುಳುಗಬೇಕಾಗಿದ್ದವರು. ಕಲಿತವನೆಂದು ಸಾಕ್ಷಿಯ ಹೊಣೆ ನನ್ನ ಪಾಲಿಗೆ ಬಂತು. ಏನು ಹೇಳಬೇಕೆಂಬುದೇ ತಿಳಿಯದಾಯಿತು.

ಸಾವಳಗಿಯಲ್ಲಿ ಸಂಬಂಧಿಕರ ಕೂಸಿಗೆ ದೀಕ್ಷಾಸ್ನಾನವಿತ್ತು. ನಸುಕಿನ ಬಸ್ಸು ಹಿಡಿಯುವ ಅವಸರದಲ್ಲಿ ಅಂದಿನ ಓದು ಉಳಿದಿತ್ತು. ದೋಣಿಯಲ್ಲಿ ಓದಿದರಾಯಿತೆಂದು ಕಾಕಾ ಪುಸ್ತಕವನ್ನು ವಸ್ತ್ರದಲ್ಲಿ ಸುತ್ತಿ ತಂದಿದ್ದ. ನಮ್ಮ ಕಡೆ ಆಕಾಶ ನಿಚ್ಚಳವಾಗಿತ್ತು, ಹೊಳೆ ಮಾತ್ರ ಘಟ್ಟದ ಮಳೆಯನ್ನೆಲ್ಲ ಹೊತ್ತು ಕೆಂಪಗೆ ಹರಿಯುತ್ತಿತ್ತು. ದೋಣಿಯಲ್ಲಿ ನಮ್ಮ ಜೊತೆ ಎರಡು ಕುರಿ ತಂದಿದ್ದ ಕುರುಬರ ಮಾಳಪ್ಪನೆಂಬ ಮುದುಕನಿದ್ದ. ನಡುನೀರಿನಲ್ಲಿ ಅಂಬಿಗನ ಹುಟ್ಟು ಮುರಿಯಿತು. ದೋಣಿ ಗಿರಕಿ ಹೊಡೆಯುತ್ತ ಕೆಳಕ್ಕೆ ಹೋಗಿ, ಮುಳುಗಿದ ಜಾಲಿಯ ಮರವೊಂದರ ತುದಿಗೆ ಸಿಕ್ಕಿಕೊಂಡಿತು. ಅಂಬಿಗ ಟೊಂಗೆ ಹಿಡಿದು, "ಯಾರೂ ಅಳ್ಳಾಡಬ್ಯಾಡ್ರಿ. ದಂಡಿಯವರು ಹಗ್ಗ ತರೂ ತನಕಾ ಸುಮ್ಮ ಕುಂದರ್ರಿ" ಎಂದ. ಟೊಂಗೆ ಆಗಾಗ ಕರಕ್ ಎನ್ನುತ್ತಿತ್ತು. ಈಗಲೂ ಕಚೇರಿಯಲ್ಲಿ ಯಾರಾದರೂ ಹಳೆಯ ಕುರ್ಚಿಯನ್ನು ಎಳೆದರೆ ನಾನು ಮೇಜಿನ ಅಂಚು ಹಿಡಿಯುತ್ತೇನೆ.

ಆಗ ಕಾಕಾ ವಸ್ತ್ರ ಬಿಚ್ಚಿ ಪುಸ್ತಕ ತೆರೆದ. ನಾನು ಹೇಳಿದೆ: "ಕಾಕಾ, ಕುರುಬನ ಕೀರ್ತನಿ ಓದ್ರಿ." ದೇವರನ್ನು ಕುರುಬನೆಂದು ಕರೆಯುವ, ಎಲ್ಲರಿಗೂ ಬಾಯಿಪಾಠವಿರುವ ಕೀರ್ತನೆ ಅದು. ಎದುರಿಗೆ ಸಾಕ್ಷಾತ್ ಕುರುಬನೂ ಕುರಿಗಳೂ ಇರುವಾಗ ಅದಕ್ಕಿಂತ ಉಚಿತವಾದದ್ದು ಇನ್ನೇನಿದ್ದೀತು? ಕಾಕಾ ಚಿಗವ್ವನ ಮುಖವನ್ನೊಮ್ಮೆ ನೋಡಿದ. "ನೂಲು ಇಲ್ಲೈತಿ," ಎಂದವನೇ ಓದತೊಡಗಿದ. ನೂಲಿದ್ದದ್ದು ವಂಶಾವಳಿಯಲ್ಲಿ. ಇವನ ಮಗ ಅವನು, ಅವನ ಮಗ ಇನ್ನೊಬ್ಬ. ಸಾವಿರಾರು ವರ್ಷಗಳ ಹಿಂದೆ ಸತ್ತವರ ಹೆಸರುಗಳು ಸಾಯಲಿರುವವರ ಮುಂದೆ ಸಾಲಾಗಿ ಬಂದವು.

ಮಾಳಪ್ಪ ಸ್ವಲ್ಪ ಹೊತ್ತು ಕೇಳಿ, "ಯಾರ ಮಂದೀರಿ ಇವ್ರು?" ಎಂದ.

"ಹಿಂದಿನ ಹಿರ್ಯಾರು."

"ಭಾಳ ದೊಡ್ಡ ಮನಿತನ ಬಿಡ್ರಿ. ನಮ್ಮವ್ರನ್ನೂ ಒಂದೀಟ ಸೇರಸ್ರಿ. ನಾ ಮಾಳಪ್ಪ, ನಮ್ಮಪ್ಪ ಬೀರಪ್ಪ, ಅವ್ರಪ್ಪ ಸಿದ್ದಪ್ಪ..."

"ಸಿದ್ದಪ್ಪನ ಅಪ್ಪ?" ಎಂದು ಚಿಗವ್ವ ಕೇಳಿದಳು. ದೋಣಿ ಸಿಕ್ಕಿಕೊಂಡಾಗಿನಿಂದ ಆಕೆ ಆಡಿದ ಮೊದಲ ಮಾತು ಅದು.

"ಅಂವಾ ಬ್ಯಾಡ ಬಿಡವಾ. ಕುರಿ ಕಳ್ಳ."

"ಇದ್ರಾಗೂ ಕಳ್ಳರದಾರ, ಹೇಳೋ ಯಪ್ಪಾ," ಎಂದ ಕಾಕಾ. ಅಂಬಿಗ ಟೊಂಗೆ ಬಿಡದೆ ನಕ್ಕ. ಹೆಸರುಗಳು ಮುಗಿಯುವ ಮುನ್ನ ದಂಡೆಯಿಂದ ಬೇರೊಂದು ದೋಣಿ ಹಗ್ಗ ತಂದಿತು.

ಆಚೆ ದಂಡೆಯಲ್ಲಿ ಪುಸ್ತಕವನ್ನು ಬಿಸಿಲಿಗೆ ಹಿಡಿದು ಕುಳಿತಿದ್ದ ಕಾಕಾನಿಗೆ, ಜೀವ ಹೋಗುವಾಗಲೂ ಸರದಿ ಬಿಡಲಾಗಲಿಲ್ಲವೇ ಎಂದು ಕೇಳಿದೆ. ಚಿಗವ್ವ ದೂರದಲ್ಲಿ ಸೀರೆ ಹಿಂಡುತ್ತಿದ್ದಳು. ಕಾಕಾ ದನಿ ತಗ್ಗಿಸಿದ. "ಆ ಕೀರ್ತನಿ ನಮ್ಮ ಮಂದಿ ಯಾವಾಗ ಓದ್ತಾರೋ? ಹೆಣಾ ಎತ್ತೂ ಮುಂದ. ನಮ್ಮ ಮಗಳು ಮಾರ್ತಾನ್ನ ಎತ್ತೂ ಮುಂದೂ ಅದನ್ನ ಓದಿದ್ರು. ದೋಣ್ಯಾಗ ಅದನ್ನ ಸುರು ಮಾಡಿದ್ರ ನಿಮ್ಮ ಚಿಗವ್ವ ಏನ ತಿಳ್ಕೋತಿದ್ಲು?" ಸರದಿಯಲ್ಲಿ ಆ ಪುಟ ಬಂದ ಬೆಳಿಗ್ಗೆ ಆಕೆ ಯಾವಾಗಲೂ ನೀರಿಗೆ ಹೋಗಿರುತ್ತಾಳೆ ಎಂದೂ, ತಾನು ಅಷ್ಟರಲ್ಲಿ ಮೆಲ್ಲಗೆ ಓದಿ ಮುಗಿಸುತ್ತೇನೆ ಎಂದೂ ಹೇಳಿದ. ಇಬ್ಬರೂ ಅದರ ಮಾತನ್ನು ಎಂದೂ ಎತ್ತಿಲ್ಲವಂತೆ. ಸಂದರ್ಭ ನೋಡಿ ಆಯ್ದು ಓದಬೇಕೆಂಬ ನನ್ನ ವಾದವನ್ನು ಕಾಕಾ ಹೀಗೆ ಆಯದೆಯೇ ಪಾಲಿಸಿದ್ದ.

ರವಿವಾರ ನಾನು ಎದ್ದು ನಿಂತಾಗ ಹಲವರ ತುಟಿಗಳಲ್ಲಿ ಆ ಕೀರ್ತನೆ ಆಗಲೇ ಸಿದ್ಧವಾಗಿತ್ತು. ನಾನು ಆರಂಭಿಸಿದರೆ ಎಲ್ಲರೂ ಕೂಡಿ ಹೇಳುವವರಿದ್ದರು. ಹೆಂಗಸರ ಚಾಪೆಯಿಂದ ಚಿಗವ್ವ ನನ್ನನ್ನೇ ನೋಡುತ್ತಿದ್ದಳು. ನಮ್ಮನ್ನು ಹಿಡಿದದ್ದು ಒಂದು ವಚನವಲ್ಲ, ಹೆಸರುಗಳ ಪಟ್ಟಿ, ಅದರಲ್ಲಿ ಕೆಲವರು ಮಾಳಪ್ಪನ ಮನೆಯವರು, ಒಬ್ಬ ಕುರಿ ಕಳ್ಳ ಎಂದು ಹೇಳಿ ಕುಳಿತೆ. ಪಾದ್ರಿಗಳು ನವಿಲುಗರಿಯನ್ನು ಸರಿಪಡಿಸಿಕೊಂಡರು. ಚಿಗವ್ವ ಸೆರಗನ್ನು ಬಾಯಿಗೆ ಹಿಡಿದು ನಗುತ್ತಿದ್ದಳು.

ಅಂದಿನಿಂದ ತನ್ನ ಮನೆಯ ರವಿವಾರದ ಓದನ್ನು ಕಾಕಾ ನನಗೆ ಒಪ್ಪಿಸಿದ್ದಾನೆ. ನೆನೆದ ನೂಲು ಬಣ್ಣ ಬಿಟ್ಟು ವಂಶಾವಳಿಯ ಪುಟದ ಮೇಲೊಂದು ಕೆಂಪು ಗೆರೆ ಉಳಿದಿದೆ. ನೂಲು ಮುಂದೆ ಹೋಗಿದೆ. ಕೀರ್ತನೆಗಳು ಇನ್ನೂ ದೂರ. ಆ ಪುಟ ರವಿವಾರವೇ ಬಂದರೆ, ಚಿಗವ್ವ ಕೊಡ ಎತ್ತಿಕೊಂಡು ಹೊಸ್ತಿಲು ದಾಟುವವರೆಗೆ, ನೂಲು ಎಲ್ಲಿದೆಯೆಂದು ಹುಡುಕುವವನಂತೆ ನಾನು ಹಾಳೆ ತಿರುವುತ್ತಿರಬೇಕು.