ಬೋರ್ಡ್ ಕಾಣದ ಮಕ್ಕಳು

ನನ್ನ ಸೋದರತ್ತೆಯನ್ನು ಶಾಲೆಯಲ್ಲಿ ಎಲ್ಲರೂ ಜೋಡಿ ಟೀಚರ್ ಎನ್ನುತ್ತಿದ್ದರು. ಮದುವೆಯಾಗದವಳಿಗೆ ಎಂಥಾ ಹೆಸರು ನೋಡು ಎಂದು ಅವಳೇ ನಗುತ್ತಿದ್ದಳು.

ದೇವರ ಹೆಸರಲ್ಲಿ ಗಲಾಟೆಯಾಗಿ ಅಂಗಡಿಗಳು ಸುಟ್ಟ ವರ್ಷವೇ ಅವಳು ಕೆಲಸಕ್ಕೆ ಸೇರಿದ್ದು. ಶಾಲೆ ಮತ್ತೆ ತೆರೆದಾಗ ಒಂದು ಧರ್ಮದ ಮಕ್ಕಳು ಕಿಟಕಿಯ ಕಡೆ, ಇನ್ನೊಂದರವರು ಗೋಡೆಯ ಕಡೆ ಕೂತಿದ್ದರು. ಅತ್ತೆ ಭಾಷಣ ಮಾಡಲಿಲ್ಲ. ಕಿಟಕಿಯ ಒಬ್ಬರನ್ನೂ ಗೋಡೆಯ ಒಬ್ಬರನ್ನೂ ಒಂದೇ ಬೆಂಚಿಗೆ ಹಾಕಿ, ನಡುವೆ ಒಂದೇ ಪುಸ್ತಕ ಇಟ್ಟಳು. ಒಬ್ಬರು ಓದಬೇಕು, ಇನ್ನೊಬ್ಬರು ಪುಟ ತಿರುವಬೇಕು. ಮುನಿಸಿಕೊಂಡರೆ ಪಾಠ ಅಲ್ಲೇ ನಿಲ್ಲುತ್ತಿತ್ತು. ಹಾಗೆ ಓದಿದವರು ದೊಡ್ಡವರಾಗಿ, ತಮ್ಮ ಮಕ್ಕಳನ್ನೂ ಅವಳ ತರಗತಿಗೇ ತಂದು ಬಿಟ್ಟರು.

ಈ ವರ್ಷ ಅಂಥ ಒಬ್ಬ ತಾಯಿ ಬಂದಳು.

"ಟೀಚರ್, ನಮ್ಮ ಹುಡುಗಿಗೆ ಬೋರ್ಡ್ ಕಾಣಲ್ವಂತೆ. ಮುಂದಿನ ಬೆಂಚಲ್ಲಿ ಕೂರಿಸಿ."

ಅತ್ತೆ ಕೂರಿಸಿದಳು. ಆಮೇಲೆ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಎಲ್ಲರದ್ದೂ ಅದೇ ಮಾತು. ಪಾಪ, ಅವಳು ಗಾಬರಿಯಾಗಿ ಕಣ್ಣಿನ ಡಾಕ್ಟರನ್ನೇ ಶಾಲೆಗೆ ಕರೆಸಿದಳು. ಒಂದು ಮಗುವಿಗೂ ಕನ್ನಡಕ ಬೇಕಿರಲಿಲ್ಲ.

ಖುಷಿಯಿಂದ ಹೆಡ್ಮಾಸ್ಟರಿಗೆ ಹೇಳಿದಳು. ಅವರು ಬಾಗಿಲು ಮುಂದೆ ಮಾಡಿದರು.

"ಏನ್ ಟೀಚರ್ ನೀವು! ಮುಂದೆ ಹೋದೋರು ಯಾರ ಮಕ್ಕಳು, ಹಿಂದೆ ಉಳಿದೋರು ಯಾರವರು ಅಂತ ನೋಡಿದ್ರಾ?"

ಅತ್ತೆಗೆ ಆಗ ತಿಳಿಯಿತು, ಮುಂದೆ ಹೋದವರೆಲ್ಲ ಒಂದೇ ಧರ್ಮದವರು.

"ಮೊದಲು ಬಂದವಳು ನನ್ನ ಬೆಂಚಲ್ಲೇ ಪುಟ ತಿರುವಿದೋಳು, ಸಾರ್."

"ಅದಕ್ಕೇ ಮರ್ಯಾದೆಯಿಂದ ಕಣ್ಣಿನ ನೆಪ ಹೇಳಿದಾಳೆ. ಬೇರೆಯೋರಾಗಿದ್ರೆ ಮುಖಕ್ಕೇ ಹೇಳೋರು."

"ಇಷ್ಟು ವರ್ಷ ಕಲಿಸಿದ್ದಕ್ಕೆ ಅಷ್ಟಾದ್ರೂ ನಯ ಬಂತಲ್ಲ," ಎಂದಳು ಅತ್ತೆ.

ಮರುದಿನ ಬೆಳಿಗ್ಗೆ ಅವಳು ಎಲ್ಲರನ್ನೂ ಹಳೆಯ ಜೋಡಿಗೇ ಕೂರಿಸಿದಳು. ಮಧ್ಯಾಹ್ನದೊಳಗೆ ಗೇಟಿನ ಹತ್ತಿರ ಅಪ್ಪಂದಿರು ಸೇರಿದರು. ಹೆಡ್ಮಾಸ್ಟರು ತಾವೇ ಒಳಗೆ ಬಂದು, ಮಕ್ಕಳ ಹೆಗಲು ಮುಟ್ಟಿ ಮುಟ್ಟಿ ಎಬ್ಬಿಸಿ, ಒಂದು ಕಡೆಯವರನ್ನೆಲ್ಲ ಮುಂದಕ್ಕೆ ಕಳಿಸಿದರು. ಪುಸ್ತಕಗಳು ಯಾರ ಪಾಲಿಗೆ ಅಂತ ಸ್ವಲ್ಪ ಗಲಿಬಿಲಿಯಾಯಿತು.

ಜೋಡಿಯವಳು ಮುಂದೆ ಹೋಗಿ, ಹಿಂದಿನ ಬೆಂಚಲ್ಲಿ ಒಂಟಿಯಾಗಿ ಉಳಿದ ಪುಟ್ಟ ಹುಡುಗಿ ಎದ್ದು ನಿಂತಳು.

"ಟೀಚರ್, ನನಗೂ ಬೋರ್ಡ್ ಕಾಣಲ್ಲ. ನನ್ನನ್ನೂ ಅವಳ ಪಕ್ಕ ಕೂರಿಸಿ."

ಅತ್ತೆ ಹೆಡ್ಮಾಸ್ಟರ ಮುಖ ನೋಡಿದಳು. ಅವರು ಬೋರ್ಡನ್ನೇ ನೋಡುತ್ತಾ ನಿಂತಿದ್ದರು. ಅದರ ಮೇಲೆ ಏನೂ ಬರೆದಿರಲಿಲ್ಲ.